ದುರ್ಬೀನಿನೊಳಗೆ ಮಾನಮ್ಮ

ಟಕ್ ಎಂದಿತು ತಂತಿ, ಹಳಿಯ ಮಗ್ಗುಲಲ್ಲಿ ಉದ್ದಕ್ಕೂ ನಡುಗಿ ಸುಮ್ಮನಾಯಿತು, ಆಚೆ ಕೈಮರದ ತೋಳು ಕೆಳಗಿಳಿಯಿತು — ಗೂಡ್ಸ್ ಗಾಡಿ ಇರಬೇಕು, ನಮ್ಮದಕ್ಕೆ ಇನ್ನೂ ಹೊತ್ತಿದೆ, ನಮ್ಮದು ಎಂದರೆ ಗುರುಲಿಂಗಮ್ಮನದು, ನಾನು ಕಳಿಸಲು ಬಂದವಳು ಮಾತ್ರ, ಬೆಳಿಗ್ಗೆ ಸುರಪುರದಿಂದ ಮೋಟಾರಿನಲ್ಲಿ ಬಂದು ಯಾದಗಿರಿ ಸ್ಟೇಷನ್ನಿನ ಈ ಕಲ್ಲುಬೆಂಚಿನ ಮೇಲೆ ಕೂತವಳು, ಹಿಂದೆ ಶಹಾಪುರದಲ್ಲಿದ್ದಾಗ ಆಕೆಗೆ ಲೆಕ್ಕ ಕಲಿಸಿದ ಅಕ್ಕೋರು. ಹದಿನೇಳರ ಹುಡುಗಿ, ದೋರನಹಳ್ಳಿಯ ಕುರಿ ಸಾಕುವ ಮನೆಯವಳು, ನಾಡಿದ್ದು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಸೇರುತ್ತಾಳೆ, ಸೇರಿದರೆ. ಸೇರಿದರೆ ಎನ್ನುವುದು ಆಕೆಯ ಅಪ್ಪ ಭಗವಂತರಾಯನ ಕೈಯಲ್ಲಿದೆ, ಅವನು ಎರಡು ಸಲ ಟಿಕೀಟಿನ ಕಿಂಡಿಯ ತನಕ ಹೋಗಿ ಬರಿಗೈಯಲ್ಲಿ ವಾಪಸು ಬಂದಿದ್ದಾನೆ, ಹೆಗಲ ಕಂಬಳಿ ಸರಿಮಾಡಿಕೊಂಡು ನನ್ನೆದುರು ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಹೈದ್ರಾಬಾದ ಆದ್ರ ನಮ್ಮ ಕಡಿ ಮಂದಿ ಇದ್ರು ಅಕ್ಕೋರ, ಈಗ ರಾಜ್ಯ ಬದಲಾತು ಅಂತ ಮಗಳನ್ನೂ ಕಾಣದ ಊರಿಗಿ ಕಳಸಬೇಕೇನ್ರಿ, ಅಲ್ಲಿ ನಾವು ಕುಂದರ್ರಿ ಅಂದ್ರ ಬೈದಂಗ ಕೇಳತದಂತ. ಟ್ರಂಕಿನ ಮೇಲೆ ಕೂತ ಗುರುಲಿಂಗಮ್ಮ, ಯಪ್ಪಾ, ನೀ ಅಂದ್ರ ಇಲ್ಲೂ ಬೈದಂಗೇ ಕೇಳತದ, ಎನ್ನುತ್ತಾಳೆ, ಅವನು ನಗುತ್ತಾನೆ, ನಕ್ಕು ಮುಗಿದ ಕೂಡಲೇ ನನ್ನ ಮುಖ ನೋಡುತ್ತಾನೆ. ನೀವು ಒಂದು ಮಾತು ಹೇಳ್ರಿ, ಅದೇ ವಿದ್ಯಾಕ್ಕ ಹೋಗಿ ಬಂದವರು ನೀವು, ಬ್ಯಾಡ ಅಂದ್ರ ಬಂದ ಮೋಟಾರಿಗೇ ಟ್ರಂಕ ಏರಸ್ತೀನಿ. ಹೋಗಿ ಬಂದವರು. ಯಾಕೆ ನಡುವೆಯೇ ಬಿಟ್ಟು ಬಂದಿರಿ ಎಂದು ಅವನು ಕೇಳುವುದಿಲ್ಲ, ಕೇಳಿದವರಿಗೆಲ್ಲ ಆರು ವರ್ಷದಿಂದ ಒಂದೇ ಉತ್ತರ ಕೊಟ್ಟಿದ್ದೇನೆ, ಮೈಗೆ ಹುಷಾರಿರಲಿಲ್ಲ, ಒಂದಕ್ಷರವೂ ಅತ್ತಿತ್ತ ಆಗದಂತೆ ಕೊಟ್ಟಿದ್ದೇನೆ. ಹುಡುಗಿಗೆ ಏನು ಹೇಳಬೇಕೆಂದು ನಿನ್ನೆಯಿಂದ ಮನಸ್ಸಿನಲ್ಲೇ ಬರೆಯುತ್ತಿದ್ದೇನೆ — ಮುಂದಿನ ಬೆಂಚಿನಲ್ಲಿ ಕೂರು, ಹಿಂದೆ ಯಾರೋ ಬೇಕೆಂದೇ ಕೆಮ್ಮಿದರೆ ತಿರುಗಬೇಡ, ಯಂತ್ರಗಳ ಶೆಡ್ಡಿಗೆ ಹೋಗುವಾಗ ಜಡೆ ಎತ್ತಿ ಕಟ್ಟು, ಸೆರಗು ಸೊಂಟಕ್ಕೆ ಸಿಗಿಸು, ತಿರುಗುವ ಚಕ್ರಕ್ಕೆ ದಯೆ ಇಲ್ಲ, ನಕಾಶೆಯ ಪೆನ್ಸಿಲು ನೀನೇ ಚೂಪು ಮಾಡಿಕೊ, ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಎದ್ದು ನಿಂತು ಹೇಳು, ಭಾರದ ಪೆಟ್ಟಿಗೆ ನಾವು ಹೊರುತ್ತೇವೆ ಎಂದು ಹುಡುಗರು ಬಂದರೆ ಕೊಡಬೇಡ, ಇವತ್ತು ಪೆಟ್ಟಿಗೆ ಕೊಟ್ಟರೆ ನಾಳೆ ನೆಲ ಅಳೆಯುವ ದುರ್ಬೀನಿನಲ್ಲೂ ಅವರೇ ನೋಡುತ್ತಾರೆ, ನೀನು ಅಂಕಿ ಬರೆದುಕೊಳ್ಳುತ್ತ ಕೂರುತ್ತೀಯ — ಇಲ್ಲಿಗೆ ಬಂದು ನಿಲ್ಲುತ್ತದೆ, ಪ್ರತಿ ಸಲವೂ ದುರ್ಬೀನಿಗೆ ಬಂದು ನಿಲ್ಲುತ್ತದೆ, ನಾನು ಪೆಟ್ಟಿಗೆ ಕೊಟ್ಟಿರಲಿಲ್ಲ, ಹಟ ಮಾಡಿ ನಾನೇ ನೋಡಿದೆ.

ಹತ್ತಿಕುಣಿಯ ಕಡೆ, ಐವತ್ತೊಂದರ ಚಳಿಗಾಲ, ನೆಲ ಅಳೆಯುವುದನ್ನು ಕಲಿಸಲು ಹೈದರಾಬಾದಿನಿಂದ ನಮ್ಮ ತರಗತಿಯನ್ನು ಕರೆತಂದಿದ್ದಾರೆ, ಸಾಲಾಗಿ ಡೇರೆಗಳು, ಮೂವತ್ತು ಹುಡುಗರು, ನಾನೊಬ್ಬಳು. ಮೂರು ಕಾಲಿನ ಮೇಲೆ ದುರ್ಬೀನು, ಅದರ ಗಾಜಿನ ನಡುವೆ ಕೂದಲೆಳೆಯಂಥ ನೆಟ್ಟಗಿನ ಗೆರೆ, ದೂರದಲ್ಲಿ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದವಳು ಆ ಗೆರೆಯ ಮೇಲೆ ಬರುವವರೆಗೆ ಅತ್ತ ಸರಿ ಇತ್ತ ಸರಿ ಎಂದು ಕೈಸನ್ನೆ ಮಾಡಬೇಕು, ಅಷ್ಟೇ ಕೆಲಸ. ಕೋಲು ಹಿಡಿದವಳು ಮಾನಮ್ಮ, ಭೀಮೆಯ ದಂಡೆಯಿಂದ ಕೂಲಿಗೆ ಬಂದವಳು, ಹತ್ತಿಕುಣಿಯ ಹೊಲ ಅವಳಿಗೂ ಹೊಸದು. ಈ ಕೋಲು ಹಿಡದು ನಿಂತ್ರ ಕೂಲಿ ಕೊಡ್ತಾರಂದ್ರ ನಿಂತ್ಕೊಂಡೇ ಮುದುಕಿ ಆಗ್ತೀನಿ ಬಿಡ್ರಿ, ಎಂದಿದ್ದಳು ಬೆಳಿಗ್ಗೆ. ಅವಳು ಕಾಲ ಬುಡ ನೋಡಿ ನೋಡಿ ಹೆಜ್ಜೆಯಿಡುತ್ತಾಳೆ, ನನ್ನ ಸನ್ನೆ ತಪ್ಪಿಹೋಗುತ್ತದೆ, ಹಿಂದೆ ಹುಡುಗರು ನಗುತ್ತಾರೆ, ನನಗೆ ಸಿಟ್ಟು ಬರುತ್ತದೆ, ಹುಡುಗರ ಮೇಲೆ ಬಂದ ಸಿಟ್ಟನ್ನು ಅವಳ ಮೇಲೆ ಹಾಕಿ ಕೂಗುತ್ತೇನೆ, ಮಾನಮ್ಮ, ನೆಲಾ ನೋಡಬ್ಯಾಡ, ನನ್ನ ಕೈ ನೋಡು. ಹೌದ್ರಿ, ಎನ್ನುತ್ತಾಳೆ. ಆ ದುರ್ಬೀನಿನಲ್ಲಿ ಎಲ್ಲವೂ ತಿರುವುಮುರುವು, ಮೇಲಿನದು ಕೆಳಗೆ, ಬಲದ್ದು ಎಡಕ್ಕೆ, ಮೊದಲ ವಾರವೇ ಹೇಳಿಕೊಟ್ಟಿದ್ದರು, ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ, ಆದರೆ ಆ ಹೊತ್ತಿಗೆ ನನ್ನ ಕಿವಿಯ ತುಂಬ ಬೆನ್ನ ಹಿಂದಿನ ನಗು. ಕೋಲು ಗೆರೆಯ ಎಡಕ್ಕೆ ಕಂಡಿತು, ಬಲಕ್ಕೆ ಸರಿಯಲಿ ಎಂದು ಬಲಗೈ ಚಾಚಿದೆ, ಸರಿದಳು, ಕೋಲು ಗೆರೆಯಿಂದ ಇನ್ನಷ್ಟು ದೂರ ಹೋಯಿತು, ಇವಳಿಗೆ ಎಡ ಬಲ ತಿಳಿಯದು ಎಂದುಕೊಂಡೆ, ಮತ್ತೆ ಚಾಚಿದೆ, ಸರಿದಳು, ಮತ್ತೆ, ಸರಿದಳು, ಜೋಳದ ಸಾಲಿನ ಅಂಚಿಗೆ ಕಟ್ಟೆಯಿಲ್ಲದ ಹಾಳುಬಾವಿ ಇತ್ತು, ಗಾಜಿನಲ್ಲಿ ಅದು ಕಾಣಲಿಲ್ಲ, ಕಂಡದ್ದು ಮಾನಮ್ಮ, ಪಾದ ಮೇಲೆ, ತಲೆ ಕೆಳಗೆ, ನೆಲ ಆಕಾಶದ ಜಾಗದಲ್ಲಿ, ಎರಡು ಕಣ್ಣು ನನ್ನ ಕೈಯ ಮೇಲೆ, ಆಮೇಲೆ ಅವಳು ಮೇಲಕ್ಕೆ ಹೋದಳು. ಅವಳು ಬಿದ್ದದ್ದನ್ನು ನಾನು ನೋಡಲೇ ಇಲ್ಲ. ಪಾದ ಮೊದಲು, ಆಮೇಲೆ ಸೀರೆ, ಕೊನೆಗೆ ಮುಖ, ಮೇಲಕ್ಕೆ ಹೋಗಿ ನೆಲದೊಳಗೆ ಇಲ್ಲವಾದಳು. ತುಂಬಿದ ಭೀಮೆಯನ್ನೂ ಈಜಿ ದಾಟುತ್ತಿದ್ದಳಂತೆ, ಆದರೆ ಆ ಬಾವಿಯಲ್ಲಿ ನೀರಿರಲಿಲ್ಲ, ಕಲ್ಲಿತ್ತು. ಮಾಸ್ತರರು ಹುಡುಗರನ್ನು ಕೇಳಿದರು, ಯಾರೂ ನೋಡಿರಲಿಲ್ಲ, ನನ್ನನ್ನು ಕೇಳಿದರು, ನಾನು ನಿಲ್ಲು ಎಂದಿದ್ದೆ, ಅವಳೇ ಸರಿದಳು, ಎಂದೆ, ಧ್ವನಿ ನಡುಗಲೂ ಇಲ್ಲ, ಅದನ್ನೇ ಕಾಗದದಲ್ಲಿ ಬರೆದರು. ಸಂಜೆ ಅವಳ ತಾಯಿ ಬಂದಳು, ನಾನು ಡೇರೆಯೊಳಗಿದ್ದೆ, ಯಾರೋ ಸಾಯಬಮ್ಮ ಎಂದು ಕರೆದದ್ದು ಕೇಳಿತು, ಬಟ್ಟೆಯ ಸಂದಿಯಿಂದ ಅವಳ ಬರಿಗಾಲು ಕಂಡಿತು, ಅಷ್ಟೇ.

ಆ ತಾಯಿಯೇ, ಸಾಯಬಮ್ಮ, ಈಗ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಶೇಂಗಾದ ಬುಟ್ಟಿ ಹೊತ್ತು ಬರುತ್ತಿದ್ದಾಳೆ, ಈ ಸ್ಟೇಷನ್ನಿಗೆ ಬಂದಾಗಲೆಲ್ಲ ಮೊದಲು ಆ ಬುಟ್ಟಿ ಎಲ್ಲಿದೆ ಎಂದು ನೋಡುತ್ತೇನೆ, ಕೊಳ್ಳದೆ ಹೋಗಲಾರೆ, ಕೊಂಡದ್ದನ್ನು ತಿನ್ನಲಾರೆ. ಯಾವಾಗ್ಲೂ ತೊಗೊಂತೀರಿ, ಒಂದು ಕಾಳು ಬಾಯಾಗ ಹಾಕ್ಕೊಳ್ಳಾಂಗಿಲ್ಲ, ಯಾರಿಗಿ ಒಯ್ತೀರಿ ಅಕ್ಕೋರ, ಎಂದು ಅಳೆದು ಕೊಡುತ್ತಾಳೆ, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಟ್ರಂಕು ನೋಡಿ ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಾಳೆ, ಭಗವಂತರಾಯ ಹೇಳಿಬಿಡುತ್ತಾನೆ, ಅವನ ದನಿಯಲ್ಲಿ ಅಂಜಿಕೆಯೂ ಇದೆ ಜಂಬವೂ ಇದೆ, ಸಾಹೇಬರಂಗ ದುರ್ಬೀನು ಹಚ್ಚಿ ನೆಲಾ ಅಳೀತಾಳಂತ ನಮ್ಮ ಹುಡುಗಿ. ಸಾಯಬಮ್ಮ ಬುಟ್ಟಿ ಇಳಿಸುತ್ತಾಳೆ. ಯವ್ವಾ, ನೆಲಾ ಅಳಿಯೂ ಕೆಲಸಕ್ಕ ನನ್ನ ಮಗಳೂ ಹೋಗಿದ್ದಳು, ಹೇಳಿದಂಗ ಕೇಳಲಿಲ್ಲಂತ, ತನ್ನ ಮನಸಿಗಿ ಬಂದಂಗ ಸರದು ಬಾವ್ಯಾಗ ಬಿದ್ದು ಸತ್ತಳು, ಸಾಹೇಬ್ರು ಕಾಗದ ಓದಿ ಹೇಳಿದ್ರು, ನೀ ಹಂಗ ಮಾಡಬ್ಯಾಡ, ಹೇಳಿದಂಗ ಕೇಳು. ಆಮೇಲೆ ಯಾರಿಗೂ ಅಲ್ಲದ ದನಿಯಲ್ಲಿ, ಸಣ್ಣಾಕಿದ್ದಾಗಿಂದ ಭಾಳ ಮಾತು ಕೇಳಾಕಿ ಆಕಿ, ಆವತ್ತೊಂದೇ ದಿನ ಯಾಕ ಕೇಳಲಿಲ್ಲೋ. ನನ್ನ ನಾಲಿಗೆಯ ಮೇಲೆ ಮಾತು ಬಂದು ಕೂತಿದೆ, ಕೇಳಿದಳು, ಕೇಳಿದ್ದಕ್ಕೇ ಸತ್ತಳು, ಬರೀ ಮೂರು ಶಬ್ದ, ಅಷ್ಟು ಹೇಳಿದರೆ ಈ ತಾಯಿಯ ಮಗಳು ಮತ್ತೆ ಮಾತು ಕೇಳುವ ಮಗಳಾಗುತ್ತಾಳೆ — ಭಗವಂತರಾಯ ಎದ್ದು ನಿಂತಿದ್ದಾನೆ, ಟ್ರಂಕಿನ ಹಿಡಿಕೆಗೆ ಕೈ ಹಾಕಿದ್ದಾನೆ. ಬಾವ್ಯಾಗ ಬಿದ್ದಳಾ, ಇದೆಂಥಾ ವಿದ್ಯಾರಿ ಅಕ್ಕೋರ, ಖರೇ ಹೇಳ್ರಿ. ಗುರುಲಿಂಗಮ್ಮ ಅಪ್ಪನನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ, ಟ್ರಂಕಿನ ಮೇಲಿಂದ ಏಳಲೂ ಇಲ್ಲ, ಎದ್ದರೆ ಮುಗಿಯಿತು ಎಂದು ಅವಳಿಗೆ ಗೊತ್ತು. ಟಿಕೀಟ ತೊಗೊಳ್ರಿ, ಎಂದೆ. ಅಂಜೂದೇನಿಲ್ಲ, ಕಳಸ್ರಿ. ಅವನು ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಹಿಡಿಕೆ ಬಿಟ್ಟು, ಕಿಂಡಿಯ ಕಡೆ ನಡೆದ. ಸಾಯಬಮ್ಮ ಬುಟ್ಟಿ ಹೊತ್ತು ಮುಂದಿನ ಬೆಂಚಿಗೆ ಹೋದಳು, ಅವಳ ಬರಿಗಾಲು.

ಈಗ ಗಾಡಿ ಬಂದು ನಿಂತಿದೆ, ಕಿಟಕಿಯ ಸರಳು ಹಿಡಿದು ಗುರುಲಿಂಗಮ್ಮ ಬಗ್ಗಿದ್ದಾಳೆ, ಇನ್ನೇನರ ಹೇಳೂದದ ಏನ್ರಿ ಅಕ್ಕೋರ. ದುರ್ಬೀನಿನಾಗ ಎಲ್ಲಾ ತಲಿಕೆಳಗ ಕಾಣ್ತದ, ಎಂದೆ, ಕೈ ಎತ್ತೂಕಿಂತ ಮೊದಲು ಗಾಜಿನಿಂದ ಕಣ್ಣು ತಗಿ, ಆಕಿ ಕಾಲಾಗ ಏನದ ನೋಡು. ಯಾರ ಕಾಲಾಗ್ರಿ. ಕೋಲು ಹಿಡದಾಕಿ ಕಾಲಾಗ. ಆಕೆ ತಲೆಯಾಡಿಸುತ್ತಾಳೆ, ಒಳ್ಳೆಯ ವಿದ್ಯಾರ್ಥಿನಿ, ಮನಸ್ಸಿನಲ್ಲಿ ಬರೆದುಕೊಂಡಿದ್ದಾಳೆ, ನಾನೂ ಬರೆದುಕೊಂಡಿದ್ದೆ. ಹುಡುಗಿ ಓದಿ ಮುಗಿಸಲಿ, ಆಮೇಲೆ ಸಾಯಬಮ್ಮನಿಗೆ ಹೇಳುತ್ತೇನೆ, ಮೂರು ವರ್ಷ, ನಾಲ್ಕು ವರ್ಷ, ಮುದುಕಿ ಇದ್ದರೆ — ಇಲ್ಲ, ಸುಳ್ಳು, ಆಗಲೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಹುಡುಗಿಯ ಸಲುವಾಗಿ ಎಂದು ಇವತ್ತು ಒಂದು ನೆಪ ಸಿಕ್ಕಿತು, ನೆಪ ಸಿಗುವ ಮೊದಲೇ ನಿಶ್ಚಯವಾಗಿತ್ತು. ಗಾಡಿ ಜಗ್ಗಿತು, ಹುಡುಗಿ ಕೈ ಬೀಸುತ್ತಾಳೆ, ಭಗವಂತರಾಯ ಬೀಸುತ್ತಾನೆ, ಪ್ಲಾಟ್‌ಫಾರ್ಮಿನ ತುಂಬ ಕೈಗಳು, ನನ್ನದು ಮಾತ್ರ ಮಡಿಲಿನಲ್ಲಿ ಶೇಂಗಾದ ಪೊಟ್ಟಣದ ಮೇಲೆ, ಎತ್ತಬೇಕು, ಎತ್ತಲಾಗುತ್ತಿಲ್ಲ, ಪಾದ ಮೇಲೆ, ತಲೆ ಕೆಳಗೆ, ಮಾನಮ್ಮ ಕೋಲು ಹಿಡಿದು ನಿಂತಿದ್ದಾಳೆ, ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಯಾವ ಕಡೆಗ್ರಿ ಎಂದು.