ಅರಿಶಿನವೆಂದುಕೊಂಡ ಹಳದಿ

ಮೀನು ಮಾರುವ ಕಾಪುವಿನ ವಾರಿಜಕ್ಕನಿಗೆ ಕೆಟ್ಟ ಮೀನು ದಾಟಿಸುವುದು ಯಾರಿಂದಲೂ ಆಗದು. ಮಲ್ಪೆ ಬಂದರಿನಲ್ಲಿ ಬುಟ್ಟಿ ತುಂಬಿಸುವ ಮೊದಲು ಬಂಗುಡೆಯ ಕಣ್ಣು ನೋಡುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ. ಅಂಥವರು ಮೊಮ್ಮಗಳ ಕಣ್ಣು ನೋಡಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಮಗಳು ಪ್ರಣೀತಾ ಎರಡನೇ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಧೃತಿ ತಿಂಗಳು ತುಂಬುವ ಮೊದಲೇ ಹುಟ್ಟಿತು. ಎರಡು ದಿನ ಬಿಟ್ಟು ತೋರಿಸಲು ತನ್ನಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ವಾರಿಜಕ್ಕ ಬಿಡಲಿಲ್ಲ.

"ಹಸಿ ಬಾಣಂತಿ ಹೊರಗೆ ಹೋಗುವುದುಂಟಾ? ಗಾಳಿ ತಾಗ್ತದೆ!"

ಕಿಟಕಿ ಮುಚ್ಚಿದ ಕೋಣೆ. ಮಗುವಿಗೆ ದಿನಾ ತೆಂಗಿನೆಣ್ಣೆ, ಅರಿಶಿನ ಹಚ್ಚಿ ಸ್ನಾನ. ಮಗು ನೋಡಲು ಪಕ್ಕದ ಮನೆಯ ಮ್ಯಾಗ್ಡಲಿನ್ ಬಂದರು. ಅವರು ಮೊದಲು ನರ್ಸ್ ಆಗಿದ್ದವರು.

"ವಾರಿಜಕ್ಕ, ಮಗು ಹಳದಿ ಕಾಣ್ತದಲ್ವಾ?"

"ಅರಿಶಿನ ಹಚ್ಚಿದರೆ ಹಳದಿ ಅಲ್ಲದೆ ಎಂತ ನೀಲಿ ಆಗ್ತದಾ ಮಾರಾಯ್ತಿ?"

"ಕಣ್ಣಿಗೂ ಹಚ್ಚಿದ್ದೀರಾ? ಕಿಟಕಿ ತೆಗೆಯಿರಿ, ನೋಡುವ. ತಿಂಗಳು ತುಂಬದ ಮಗು ಇದು. ಇದರ ಅಣ್ಣ ಹರ್ಷಿತನಿಗೂ ಕಾಮಾಲೆ ಬಂದಿತ್ತು. ಪ್ರಣೀತಾ, ನಿನ್ನ ರಕ್ತ ಓ ಗುಂಪಿನದಲ್ವಾ? ಇಂಥ ಮಕ್ಕಳಿಗೆ ಕಾಮಾಲೆ ಏರುವ ಅಪಾಯ ಹೆಚ್ಚು. ಹಾಲು ಸರಿ ಕುಡೀತದಾ?"

"ಬರೀ ನಿದ್ರೆ. ಪಾಪದ ಮಗು, ಅಳುವುದೇ ಇಲ್ಲ," ಎಂದರು ವಾರಿಜಕ್ಕ ಹೆಮ್ಮೆಯಿಂದ, ಕಿಟಕಿ ತೆಗೆಯದೆ.

"ನನಗೆ ಅದೇ ಹೆದರಿಕೆ. ಈಗಲೇ ಹೋಗುವ."

"ನಾಳೆ ಎಳೆ ಬಿಸಿಲಿಗೆ ಹಿಡಿದರೆ ಹಳದಿ ಹೋಗ್ತದೆ. ಹರ್ಷಿತನಿಗೆ ಹೋಗಲಿಲ್ವಾ?"

"ಅವನಿಗೆ ಹೋದದ್ದು ಆಸ್ಪತ್ರೆಯ ಲೈಟಿನ ಕೆಳಗೆ ಮಲಗಿಸಿದ್ದರಿಂದ, ವಾರಿಜಕ್ಕ."

ಪ್ರಣೀತಾ ಅಮ್ಮನ ಮುಖ ನೋಡಿ ಮಗುವನ್ನು ಮತ್ತೆ ಮಲಗಿಸಿದಳು.

ಮರುದಿನ ಮಗು ಮೊಲೆ ಹಿಡಿಯಲೇ ಇಲ್ಲ. ಬೆನ್ನು ಸೆಟೆಸಿ ಕೀರಲು ದನಿಯಲ್ಲಿ ಅತ್ತಿತು. ರಿಕ್ಷಾ ಹಿಡಿದು ಮಣಿಪಾಲದ ಆಸ್ಪತ್ರೆಗೆ ಓಡಿದರು. ರಕ್ತ ಬದಲಾಯಿಸಿದ ಮೇಲೆ ಜೀವ ಉಳಿಯಿತು. "ಕಾಮಾಲೆ ಮಿದುಳಿಗೆ ಏರಿತ್ತು. ನಿನ್ನೆಯೇ ತರಬಾರದಿತ್ತಾ ಅಮ್ಮ?" ಎಂದರು ಡಾಕ್ಟರು.

ಧೃತಿಗೆ ಈಗ ವರ್ಷ ತುಂಬಿದೆ. ಅಜ್ಜಿ "ಬಂಗುಡೇ, ಬೂತಾಯೀ" ಎಂದು ಕೂಗಿದರೆ ಬೀದಿಯ ಬೆಕ್ಕುಗಳೆಲ್ಲ ಓಡಿ ಬರುತ್ತವೆ. ಕಾಲಬುಡದಲ್ಲಿ ಆಡುವ ಮೊಮ್ಮಗಳು ತಿರುಗುವುದಿಲ್ಲ. ಮಿದುಳಿಗೆ ಏರಿದ ಕಾಮಾಲೆಯಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ.

ಈಗ ಬಾಣಂತಿ ಇರುವ ಮನೆ ಕಂಡರೆ ವಾರಿಜಕ್ಕ ಬುಟ್ಟಿ ಇಳಿಸುತ್ತಾರೆ. "ಮೀನು ಮತ್ತೆ ನೋಡುವ. ಮೊದಲು ಮಗುವನ್ನು ಬೆಳಕಿಗೆ ತನ್ನಿ."

ತಾಯಂದಿರೇ, ಅಜ್ಜಿಯಂದಿರೇ, ನೀವೂ ತನ್ನಿ. ತಿಂಗಳು ತುಂಬದೆ ಹುಟ್ಟಿದ್ದರೆ, ಅಣ್ಣನಿಗೋ ಅಕ್ಕನಿಗೋ ಕಾಮಾಲೆ ಬಂದಿದ್ದರೆ, ತಾಯಿಯ ರಕ್ತ ಓ ಅಥವಾ ನೆಗೆಟಿವ್ ಗುಂಪಿನದಾದರೆ, ಹಾಲು ಸರಿಯಾಗಿ ಕುಡಿಯದಿದ್ದರೆ ಇನ್ನಷ್ಟು ಎಚ್ಚರವಿರಲಿ. ಕಣ್ಣು ಹಳದಿಯಾದರೆ ಬಿಸಿಲಿಗಾಗಿ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಗಾಳಿ ತಾಗದಂತೆ ಕಂಬಳಿ ಹೊದೆಸಬಹುದು. ಹೋದ ಕಿವಿಯನ್ನು ಯಾವ ಅಜ್ಜಿಯೂ ತಂದುಕೊಡಲಾರಳು.