ಔಷಧಕ್ಕಿಟ್ಟ ನೀರು

ದೀಪಾವಳಿ ಮುಗಿದು ಇಬ್ಬನಿ ಜೋರಾಗಿತ್ತು. ದ್ರಾಕ್ಷಿಯ ಬಳ್ಳಿ ಕತ್ತರಿಸಿ ತಿಂಗಳಾಗಿತ್ತು. ಅಂಗೈಯಗಲದ ಎಲೆ ಬಂದು, ಸಂದಿಯಲ್ಲಿ ಗೊನೆಯ ಎಳೆ ಇಣುಕುತ್ತಿತ್ತು. ಈ ದಿನಗಳಲ್ಲಿ ಕಾಗವಾಡದ ದ್ರಾಕ್ಷಿ ಬೆಳೆಗಾರ ದೇವರಿಗೆ ಕೈಮುಗಿಯುವ ಮೊದಲೇ ಎಲೆ ತಿರುವಿ ನೋಡುತ್ತಾನೆ. ಅದರ ಮೇಲೆ ಎಣ್ಣೆ ಬಿದ್ದಂಥ ಕಲೆ ಕಂಡರೆ ರೋಗ ಹೊಕ್ಕಿತೆಂದೇ ತಿಳಿಯಬೇಕು.

ಮುರಗೆಪ್ಪನೂ ನೋಡಿ ಬಂದಿದ್ದ. ಕಲೆ ಇರಲಿಲ್ಲ. ಆದರೆ ಮೋಡ ಕವಿದಿತ್ತು, ಇವತ್ತು ಔಷಧ ಹೊಡೆಯಲೇಬೇಕಿತ್ತು. ಹೊಳೆಯ ನೀರು ತರುವ ಟ್ಯಾಂಕರ್ ಮಾತ್ರ ಬಂದಿರಲಿಲ್ಲ. ಸಿಮೆಂಟಿನ ತೊಟ್ಟಿಯ ತಳದಲ್ಲಿ ನಿನ್ನೆಯದು ನಾಲ್ಕು ಬೆರಳು ನೀರಿತ್ತು, ಅಷ್ಟೇ.

ಟ್ರ್ಯಾಕ್ಟರ್ ಕೆಟ್ಟಿದೆಯಂತೆ, ಟ್ಯಾಂಕರ್ ಬರುವುದು ಮಧ್ಯಾಹ್ನವಾಗುತ್ತದಂತೆ ಎಂದು ಮಗ ಅಮೋಲ ಹೇಳಿದ. ತೋಟಕ್ಕೆ ಅಂಟಿಕೊಂಡೇ ಮನೆ, ಮನೆಯ ಮುಂದೆ ಬೋರಿನ ನೀರಿನ ನಳ. ಪೈಪು ಹಚ್ಚಿ ಅದನ್ನೇ ತುಂಬಿಕೊಂಡರಾಗದೇ ಎಂದೂ ಕೇಳಿದ.

ಮುರಗೆಪ್ಪ ಎರಡು ಖಾಲಿ ಬಾಟಲಿ ತಂದ. ಒಂದಕ್ಕೆ ತೊಟ್ಟಿಯ ಹೊಳೆ ನೀರು, ಇನ್ನೊಂದಕ್ಕೆ ನಳದ ನೀರು ತುಂಬಿದ. ಎರಡಕ್ಕೂ ಒಂದೊಂದು ಮುಚ್ಚಳ ಔಷಧ ಹಾಕಿ, ಅಲುಗಾಡಿಸಿ ಕಟ್ಟೆಯ ಮೇಲಿಟ್ಟ. ಹೊಳೆ ನೀರಿನದು ಮಜ್ಜಿಗೆಯ ಹಾಗೆ ಒಂದೇ ಸಮ ಬೆಳ್ಳಗಾಯಿತು. ನಳದ ನೀರಿನದು ಸ್ವಲ್ಪ ಹೊತ್ತಿಗೇ ಹಾಲು ಒಡೆದಂತೆ ಕಣಕಣವಾಗಿ ತಳಕ್ಕಿಳಿಯಿತು.

“ನೋಡಿದ್ಯಾ? ಸವಳ ನೀರಿದು. ಇದರಾಗ ಯಾವುದೂ ಹೊಂದಂಗಿಲ್ಲ. ಎಂಥಾ ಚಲೋ ಮಾಲ್ ಹಾಕಿದ್ರೂ ಹಾಳ್ ಮಾಡತೈತಿ,” ಎಂದ.

ಔಷಧ ಹೊಡೆಯಲು ಬಂದಿದ್ದ ಮಾಳೇಶ ಬೀಡಿ ಹೊತ್ತಿಸುತ್ತ ಹೇಳಿದ: “ಗಿಡದ ಹೊಟ್ಟಿ ಬಾಳ ನಾಜೂಕ್ರಿ ಮಾಲಕರ. ನಮ್ಮ ಹೊಟ್ಟಿ ನೋಡ್ರಿ, ನಳ ಬಂದು ಎರಡ್ ವರ್ಷಾತು, ಅದನ್ನ ಕುಡದ ಕಲ್ಲಾಗೇತಿ.”

ಅಮೋಲ ನಕ್ಕ. ಮುರಗೆಪ್ಪ ನಗಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಬಾಟಲಿಯಲ್ಲಿ ತಿಳಿನೀರು ಮೇಲೆ, ಕಣ ಕೆಳಗೆ. ಇಂಥದೇ ಒಂದನ್ನು ಅವನು ತಿಂಗಳ ಹಿಂದೆ ತನ್ನ ತಾಟಿನಲ್ಲಿ ನೋಡಿದ್ದ.

ಹಬ್ಬಕ್ಕೆ ವಾರವಿರುವಾಗ ಕರೋಶಿಯಿಂದ ಬೀಗ ಕಾಡಸಿದ್ದ ಬಂದಿದ್ದ. ಮಗಳು ಸೀಮಾ ಅಮೋಲನ ಕೈಹಿಡಿದ ಮೇಲಿನ ಮೊದಲ ದೀಪಾವಳಿ, ಇಬ್ಬರನ್ನೂ ಕರೆದೊಯ್ಯಬೇಕಿತ್ತು. ನಾಲ್ಕು ಕುರಿ, ತುಸು ಹೊಲ ನಂಬಿ ಬದುಕಿದ ಮನುಷ್ಯ. ಊಟಕ್ಕೆ ಕೂತಾಗಲೂ ತಲೆಯ ಪಟಗ ಸರಿಮಾಡಿಕೊಳ್ಳುತ್ತ ಮುದುಡಿಕೊಂಡಿದ್ದ. ಅವತ್ತಿನ ಅಡುಗೆ ಸೀಮಾಳದು. ಎರಡು ತಾಸು ಒಲೆಯ ಮೇಲಿದ್ದರೂ ಬೇಳೆ ಸಾರಿನಲ್ಲಿ ಕರಗದೆ ತಳಕ್ಕಿಳಿದಿತ್ತು, ಹಲ್ಲಿಗೆ ಕಟಕ್ಕೆನ್ನುತ್ತಿತ್ತು. ಮುರಗೆಪ್ಪ ತಾಟು ಸರಿಸಿ, “ಬೀಗರ, ಕುರಿ ಮೇಸೂದ ಕಲಿಸೀರಿ, ಬೇಳಿ ಕುದಿಸೂದ ಕಲಿಸ್ಲಿಲ್ಲೇನ್ರಿ ಮಗಳಿಗೆ?” ಎಂದಿದ್ದ.

ಚೇಷ್ಟೆಯೆಂದೇ ಆಡಿದ ಮಾತು. ಕಾಡಸಿದ್ದ ನಗಲಿಲ್ಲ. ತಪ್ಪು ತಮ್ಮದೇ ಎಂದು ಮೆಲ್ಲಗೆ ಒಪ್ಪಿಕೊಂಡು, ಆ ಬೇಳೆಯನ್ನು ಒಂದು ಕಾಳೂ ಬಿಡದೆ ಅಗಿದು ಉಂಡಿದ್ದ. ಅಡುಗೆಮನೆಯ ಬಾಗಿಲಲ್ಲಿ ಸೀಮಾ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

ಮುರಗೆಪ್ಪ ಬಾಟಲಿಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಹೆಂಡತಿ ಕಾಳವ್ವ ಅಂಗಳದಲ್ಲಿ ಹುಣಸೆಹಣ್ಣು ಹಚ್ಚಿ, ನಳದ ನೀರಿಗೆ ಹಂಡೆಯಲ್ಲಿ ಕಟ್ಟಿದ ಬಿಳಿ ಪದರು ಉಜ್ಜುತ್ತಿದ್ದಳು. ಎರಡು ವರ್ಷದಿಂದ ಅವಳು ಹೀಗೆ ಉಜ್ಜುವುದನ್ನು ಅವನು ದಾಟಿಕೊಂಡು ಹೋಗಿದ್ದ. ಬಚ್ಚಲಲ್ಲಿ ಸಾಬೂನು ಸವೆಯುತ್ತದೆ, ನೊರೆ ಬರುವುದಿಲ್ಲ. ಸೀಮಾ ಬಂದ ಮೇಲೆ ಸಾಬೂನಿನ ಖರ್ಚು ಹೆಚ್ಚಾಯಿತೆಂದು ತಾನೇ ಗೊಣಗಿದ್ದೂ ನೆನಪಾಯಿತು. ನಿನ್ನ ಕೈಯಲ್ಲಿ ಬೇಳೆ ಹೇಗೆ ಬೇಯುತ್ತಿತ್ತು ಎಂದು ಕೇಳಿದ.

ಕಾಳವ್ವ ತಲೆಯೆತ್ತಲಿಲ್ಲ. “ಟ್ಯಾಂಕರ್ ಬಂದಾಗ ಬೇಳಿಗಂತ ಒಂದ್ ಕೊಡ ತರ್ತಿದ್ದೆ. ಔಷಧಕ್ಕಿಟ್ಟ ನೀರ್ ಮುಟ್ಟಬ್ಯಾಡ ಅಂತ ದಸರಾದಾಗ ನೀವ ಬೈದ್ರಿ. ಬಿಟ್ಟೆ.”

ಚಹಾಕ್ಕೆ ಒಯ್ಯುತ್ತೀ ಎಂದು ತಿಳಿದಿದ್ದೆ ಎಂದ. ಅದು ನಿಜವೇ ಆಗಿತ್ತು. ಯಾಕೆಂದು ತಾನು ಕೇಳಿರಲಿಲ್ಲ ಎಂಬುದೂ ನಿಜವಾಗಿತ್ತು.

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಬೀಗರ ಮುಂದ ನಿಮ್ಮ ಮರ್ಯಾದಿ ತಗೀಲೇನು?” ಎಂದಳು. ಹಂಡೆಗೆ ಇನ್ನಷ್ಟು ಹುಣಸೆಹಣ್ಣು ಹಚ್ಚಿದಳು. “ಹುಡುಗೀದ ಹೋತು,” ಎಂದು ತನಗೇ ಹೇಳಿಕೊಂಡು ಮತ್ತೆ ಉಜ್ಜತೊಡಗಿದಳು.

ಮಧ್ಯಾಹ್ನ ಟ್ಯಾಂಕರ್ ಬಂತು. ತೊಟ್ಟಿಗೆ ಬಿಡುವ ಮೊದಲು ಮುರಗೆಪ್ಪ ಎರಡು ಕೊಡ ತುಂಬಿ, ಒಂದನ್ನು ಹೆಗಲಿಗೇರಿಸಿ, ಒಂದನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ತಂದ. ಗಂಡಸರು ಕೊಡ ಹೊತ್ತು ಒಳಗೆ ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಸೀಮಾ ಗಾಬರಿಯಾಗಿ ಎದ್ದಳು.

“ಬ್ಯಾಡ್ರಿ ಮಾವಾರ, ತ್ವಾಟಕ್ಕ ಕಡಿಮಿ ಬೀಳತೈತಿ.”

ಮಾತಿನಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೀಳಲಿ ಎಂದಷ್ಟೇ ಹೇಳಿ ಕೊಡ ಇಳಿಸಿದ. ಹೊರಡುವಾಗ ಗೋಡೆಯ ಮಾಡದಲ್ಲಿದ್ದ ಸಣ್ಣ ಗಂಟು ಕಣ್ಣಿಗೆ ಬಿತ್ತು. ಏನದು ಎಂದರೆ, ಬೇಳೆಗೆ ಹಾಕುವ ಸೋಡಾ, ಹಬ್ಬಕ್ಕೆ ಹೋದಾಗ ಅವ್ವ ಕಟ್ಟಿಕೊಟ್ಟದ್ದು ಎಂದಳು.

ಸಂಜೆಯ ಊಟಕ್ಕೆ ಬೇಳೆ ಬೆಣ್ಣೆಯ ಹಾಗಿತ್ತು. ಚೆನ್ನಾಗಿದೆ ಎನ್ನಲು ಮುರಗೆಪ್ಪನಿಗೆ ಬಾಯಿ ಬರಲಿಲ್ಲ. ಚೆನ್ನಾಗಿದೆ ಎಂದರೆ ಇನ್ನೇನೇನೋ ಹೇಳಬೇಕಾಗುತ್ತಿತ್ತು. ಮೊದಲು ಹೇಳಬೇಕಾದವನಿಗೆ ಹೇಳಿಬಿಡೋಣವೆಂದು ಕೈತೊಳೆದು, ಕಟ್ಟೆಯ ಮೇಲೆ ಕೂತು ಕಾಡಸಿದ್ದನಿಗೆ ಫೋನು ಹಚ್ಚಿದ.

ಬೀಗ ಮೊದಲು ಮೋಡದ ಬಗ್ಗೆ ಕೇಳಿದ, ದ್ರಾಕ್ಷಿಯ ಬಗ್ಗೆ ಕೇಳಿದ. ಮುರಗೆಪ್ಪ ಇಬ್ಬನಿ, ಎಲೆ, ಕೆಟ್ಟ ಟ್ರ್ಯಾಕ್ಟರ್ ಎಲ್ಲ ಹೇಳಿದ. ಮಾತು ಮುಗಿದ ಮೇಲೆ ಕಾಡಸಿದ್ದನೇ ಅಳುಕುತ್ತ ಕೇಳಿದ:

“ಬೀಗರ, ಬೇಳಿ ಈಗರೆ ಕುದಿಸ್ತಾಳೇನ್ರಿ? ಹಬ್ಬಕ್ಕ ಬಂದಾಗ ಆಕಿ ಅವ್ವ ದಿನಾ ಒಲಿ ಮುಂದ ಕುಂಡ್ರಿಸಿದ್ಲು. ಇಲ್ಲೆ ಚಲೋನ ಕುದೀತಿತ್ರಿ. ಅಲ್ಲಿ ಬಂದ್ರ ಅಂಜತಾಳೋ ಏನೋ.”

ತಪ್ಪು ನೀರಿನದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದರೆ ಒಳ್ಳೆಯ ನೀರನ್ನು ಯಾವುದಕ್ಕೆ ಇಟ್ಟಿದ್ದರು, ಮುಟ್ಟಬೇಡ ಎಂದವರು ಯಾರು ಎಂಬುದನ್ನೂ ಆಡಬೇಕಿತ್ತು.

“ಕಲತಾಳ್ರಿ,” ಎಂದ ಮುರಗೆಪ್ಪ. “ಈಗ ಚಲೋ ಕುದಿಸ್ತಾಳ.”

ಆ ಕಡೆಯಿಂದ ಉಸಿರು ಬಿಟ್ಟ ಸಪ್ಪಳ ಕೇಳಿತು. “ಬಾಳ ಉಪಕಾರಾತ್ರಿ. ನೀವ ತಿದ್ದಿದ್ರಿ,” ಎಂದ ಕಾಡಸಿದ್ದ.

ಫೋನು ಇಟ್ಟು ತಿರುಗಿದರೆ, ಸೀಮಾ ಕುಡಿಯುವ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿದ್ದಳು. ಅದನ್ನು ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಫೋನು ಇನ್ನೂ ಕೈಯಲ್ಲೇ ಇತ್ತು, ಬೀಗನ ಹೆಸರು ಪರದೆಯ ಮೇಲೆ ಬೆಳಗುತ್ತಿತ್ತು. ಮತ್ತೊಮ್ಮೆ ಒತ್ತಿದರಾಗುತ್ತಿತ್ತು. ಬೆಳಕು ತಾನಾಗಿ ಆರುವ ತನಕ ಮುರಗೆಪ್ಪ ಅದನ್ನು ನೋಡುತ್ತ ಕೂತ.