ಬಾಗಿಲು ಮೇಲೆ, ಕುರ್ಚಿ ಒಳಗೆ

ಒಂದು ಆಲ್ಟರ್ನೇಟಿವ್ ರಾಕ್ ತಂಡದ ಹೊಸ ಆಲ್ಬಮ್ಮಿಗೆ ವಿನ್ಯಾಸಗಾರ್ತಿಯಾದ ಅವಳು ಮಾಡಿಕೊಟ್ಟ ಹೊದಿಕೆ, ಅಂದರೆ ಕವರ್, ಎರಡು ಸಲ ವಾಪಸು ಬಂದಿತ್ತು. "ಚೆನ್ನಾಗೇನೋ ಇದೆ, ಆದ್ರೆ ಯಾಕೋ ಒಳಕ್ಕೆ ಕರೆಯಲ್ಲ. ನಾಳೆಯೂ ಹೀಗೇ ಇದ್ರೆ ನಮ್ಮ ಫೋಟೋನೇ ಹಾಕಿಬಿಡೋಣ" ಎಂದಿದ್ದ ಗಾಯಕ.

ಮಾದರಿಯನ್ನು ಊಟದ ಮೇಜಿನ ಮೇಲಿಟ್ಟು ಅವಳು ಗಲ್ಲಕ್ಕೆ ಕೈಕೊಟ್ಟು ಕೂತಳು. ಹೊದಿಕೆಯ ಮೇಲೆ ಖಾಲಿ ಕುರ್ಚಿಯ ಚಿತ್ರ. ಮಡಿಕೆ ಬಿಡಿಸಿದರೆ ಒಳಗೆ ನೀಲಿ ಬಾಗಿಲು. ಬಣ್ಣ ಸರಿ, ಅಕ್ಷರ ಸರಿ. ಮತ್ತೆಲ್ಲಿ ಎಡವಟ್ಟಾಯಿತು?

ಅಜ್ಜಿ ಕನ್ನಡಕ ಏರಿಸಿಕೊಂಡು ಅದನ್ನು ಬಿಡಿಸಿದಳು, ಮಡಿಸಿದಳು.

"ಅಲ್ವೇ ಪುಟ್ಟೀ, ಮೊದಲು ಕುರ್ಚಿ ಕೊಟ್ಟು ಆಮೇಲೆ ಬಾಗಿಲು ತೋರಿಸ್ತೀಯಲ್ಲೇ! ಎದ್ದು ಹೋಗು ಅಂತಲಾ?"

"ಅಜ್ಜೀ, ಇದು ವಿನ್ಯಾಸ. ನಿನ್ನ ಕತೆಯಲ್ಲ."

"ಬಿಡಿಸಿ ನೋಡೋದು ಅಂದ್ಮೇಲೆ ಕತೆಯೇ ಕಣೇ. ಗುಹೆಗಿಂತ ಮೊದಲೇ ರಾಕ್ಷಸನ್ನ ತೋರಿಸಿದ್ರೆ ಚಿಕ್ಕವಳಿದ್ದಾಗ ನೀನು ಹ್ಞೂಂಗುಟ್ಟುತ್ತಿದ್ಯಾ?"

ಅವಳು ನಗುತ್ತಲೇ ಎರಡೂ ಚಿತ್ರಗಳನ್ನು ಕಿತ್ತು, ಅದಲುಬದಲು ಮಾಡಿ ಅಂಟಿಸಿದಳು.

ಮರುದಿನ ಗಾಯಕ ನೀಲಿ ಬಾಗಿಲನ್ನು ಮೆಲ್ಲಗೆ ತೆರೆದ. ಮುಚ್ಚಿ ಇನ್ನೊಮ್ಮೆ ತೆರೆದ.

"ಈ ಕುರ್ಚಿ ಯಾರಿಗೆ?"

"ನಿಮ್ಮ ಹಾಡು ಕೇಳೋಕೆ ಬಂದವರಿಗೆ."

"ಹಾಗಾದ್ರೆ ಫೋಟೋ ಬೇಡ ಬಿಡಿ" ಎಂದು ಅವನು ಹೊದಿಕೆಯನ್ನು ತಂಡದ ಡ್ರಮ್ಸ್ ಬಾರಿಸುವವನ ಕೈಗಿತ್ತ. "ತಗೋ, ನೀನೇ ತೆರೆದು ನೋಡು."